ಟೈರ್ ಅಂಗಡಿಯವರು ಹೇಳುವ "ಐದು ವರ್ಷದ ವಾರಂಟಿ"ಯಲ್ಲಿ ಏನೇನು ಸೇರಿರುತ್ತದೆ?

ನಿಮ್ಮ ಕಾರಿನ ನಾಲ್ಕೂ ಟೈರ್ ಬದಲಿಸಬೇಕಾಗಿದೆ. ಒಬ್ಬ ಅಂಗಡಿಯವರು ಐದು ವರ್ಷ ವಾರಂಟಿಯ ಟೈರ್ ತೋರಿಸಿದ್ದಾರೆ, ಇನ್ನೊಬ್ಬರು ಟೈರೊಂದಕ್ಕೆ 400 ರೂಪಾಯಿ ಹೆಚ್ಚು ಹೇಳಿ, ಮೊದಲ ಒಂದು ವರ್ಷ "ಅನ್‌ಕಂಡೀಷನಲ್" ವಾರಂಟಿಯೂ ಉಂಟು ಎಂದಿದ್ದಾರೆ. ಯಾವುದನ್ನು ಕೊಳ್ಳಬೇಕು ಎಂದು ಕೇಳಿದ್ದೀರಿ. ನಾನು ಟೈರ್ ವ್ಯಾಪಾರದವನಲ್ಲ. ಆದರೆ ಒಮ್ಮೆ ವಾರಂಟಿ ಕೇಳಲು ಹೋಗಿ ಬರಿಗೈಯಲ್ಲಿ ಬಂದ ಮೇಲೆ, ಆ ಕಾಗದದ ಸಣ್ಣಕ್ಷರಗಳನ್ನು ಕೂತು ಓದಿದವನು.

ಎರಡು ಮಳೆಗಾಲಗಳ ಹಿಂದೆ ಸಕಲೇಶಪುರ ದಾಟಿ ದೋಣಿಗಾಲ್ ಕಡೆ ಇಳಿಯುವಾಗ, ನೀರು ತುಂಬಿದ್ದ ಗುಂಡಿಯೊಂದಕ್ಕೆ ಕಾರಿನ ಎಡಗಡೆಯ ಮುಂದಿನ ಚಕ್ರ ಧಡ್ ಎಂದು ಬಿತ್ತು. ಆಗ ಏನೂ ಆದಂತೆ ಕಾಣಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಟೈರಿನ ಪಕ್ಕದಲ್ಲಿ, ನಿಂಬೆಹಣ್ಣಿನ ಅರ್ಧ ಹೋಳನ್ನು ಅಂಟಿಸಿದ ಹಾಗೆ, ಒಂದು ಉಬ್ಬು ಎದ್ದಿತ್ತು. ಟೈರ್ ಹಾಕಿಸಿ ಏಳು ತಿಂಗಳಾಗಿತ್ತು, ವಾರಂಟಿ ಐದು ವರ್ಷದ್ದಿತ್ತು, ಹೀಗಾಗಿ ಹೊಸ ಟೈರ್ ಬಂದೇ ಬರುತ್ತದೆ ಎಂಬ ಧೈರ್ಯದಲ್ಲಿ ಅಂಗಡಿಗೆ ಹೋದೆ. ಅವರು ಕ್ಲೇಮ್ ಫಾರಂ ತುಂಬಿಸಿಕೊಂಡು ಟೈರನ್ನು ಇಟ್ಟುಕೊಂಡರು. ವಾರದ ನಂತರ ಬಂದ ಕಂಪನಿಯ ಎಂಜಿನಿಯರ್ ಹೊರಗಿನ ಉಬ್ಬನ್ನು ಹೆಚ್ಚು ಹೊತ್ತು ನೋಡಲೇ ಇಲ್ಲ. ಟೈರಿನ ಬಾಯಿಯನ್ನು ಅಗಲಿಸಿ, ಒಳಕ್ಕೆ ಟಾರ್ಚ್ ಬಿಟ್ಟು, ಒಳಪದರದ ಮೇಲೆ ಹೆಬ್ಬೆರಳು ಆಡಿಸಿ, ಉಬ್ಬಿದ ಜಾಗದ ಹಿಂಬದಿಯಲ್ಲೇ ಇದ್ದ ಎರಡು ಬೆರಳಗಲದ ಗೀರನ್ನು ನನಗೆ ತೋರಿಸಿದರು. "ಇದು ಏಟು ಸಾರ್, ತಯಾರಿಕೆಯ ದೋಷ ಅಲ್ಲ" ಎಂದರು. ಕ್ಲೇಮ್ ತಿರಸ್ಕೃತವಾಯಿತು.

ಆ ದಿನ ನನಗೆ ಸಿಟ್ಟು ಬಂದಿದ್ದು ನಿಜ, ಆದರೆ ಅವರು ಹೇಳಿದ್ದು ಸರಿಯಾಗಿತ್ತು. ಕಾರಿನ ರೇಡಿಯಲ್ ಟೈರಿನಲ್ಲಿ ನೆಲಕ್ಕೆ ತಾಗುವ ಭಾಗದ ಅಡಿಯಲ್ಲಿ ಉಕ್ಕಿನ ತಂತಿಯ ಪಟ್ಟಿಗಳಿರುತ್ತವೆ, ಪಕ್ಕದ ಗೋಡೆಯಲ್ಲಿ ಮಾತ್ರ ರಬ್ಬರಿನ ನಡುವೆ ಹುದುಗಿದ ಪಾಲಿಯೆಸ್ಟರ್‌ನಂಥ ದಾರದ ಪದರವಷ್ಟೇ ಇರುತ್ತದೆ. ಗುಂಡಿಯ ಅಂಚಿಗೂ ಡಿಸ್ಕಿಗೂ ನಡುವೆ ಈ ಗೋಡೆ ಸಿಕ್ಕಿಕೊಂಡಾಗ ಒಳಗಿನ ದಾರಗಳು ತುಂಡಾಗುತ್ತವೆ. ಹಿಡಿದಿಡುವ ದಾರವಿಲ್ಲದ ಕಡೆ ಗಾಳಿಯ ಒತ್ತಡ ರಬ್ಬರನ್ನು ಹೊರಕ್ಕೆ ತಳ್ಳುತ್ತದೆ, ಅದೇ ನಾವು ಕಾಣುವ ಉಬ್ಬು. ಗಾಳಿ ಕಡಿಮೆಯಿದ್ದರೆ ಈ ಅಪಾಯ ಇನ್ನೂ ಹೆಚ್ಚು. ಇಂಥ ಟೈರನ್ನು ಸ್ಟೆಪ್ನಿಯಾಗಿಯೂ ಇಟ್ಟುಕೊಳ್ಳಬಾರದು, ಏಕೆಂದರೆ ಅದು ಹೆದ್ದಾರಿಯ ವೇಗದಲ್ಲಿ ಯಾವಾಗ ಬೇಕಾದರೂ ಒಡೆಯಬಹುದು.

ಆದ್ದರಿಂದ ಮೊದಲು ತಿಳಿಯಬೇಕಾದದ್ದು, "ಐದು ವರ್ಷ" ಎಂಬುದು ಟೈರ್ ಬಾಳುವ ಅವಧಿಯ ಭರವಸೆಯಲ್ಲ, ಕಾರ್ಖಾನೆಯಲ್ಲೇ ಆದ ತಪ್ಪಿಗೆ ಮಾತ್ರ ಕಂಪನಿ ಹೊಣೆ ಹೊರುವ ಅವಧಿ. ಪದರಗಳು ತಾವಾಗಿ ಬಿಟ್ಟುಕೊಳ್ಳುವುದು, ಒಳಗಿನ ಪಟ್ಟಿಗಳು ಬೇರ್ಪಡುವುದು, ರಬ್ಬರ್ ಸರಿಯಾಗಿ ಬೇಯದೆ ಕಿತ್ತು ಬರುವುದು ಮುಂತಾದವು ಇದರಲ್ಲಿ ಬರುತ್ತವೆ. ಗುಂಡಿಯ ಏಟು, ಮೊಳೆ, ಕಲ್ಲಿನ ಕೊಯ್ತ, ಪಂಕ್ಚರ್, ಗಾಳಿ ಇಲ್ಲದೆ ಓಡಿಸಿದ್ದು, ಅತಿಭಾರ, ಅಲೈನ್‌ಮೆಂಟ್ ತಪ್ಪಿ ಒಂದೇ ಬದಿ ಸವೆದದ್ದು ಸಾಮಾನ್ಯ ವಾರಂಟಿಯಲ್ಲಿ ಬರುವುದಿಲ್ಲ.

ಎರಡನೆಯದು, ಕ್ಲೇಮ್ ಒಪ್ಪಿಗೆಯಾದರೂ ಹೊಸ ಟೈರ್ ಪುಕ್ಕಟೆ ಸಿಗುವುದು ಅಪರೂಪ. ಹೆಚ್ಚಿನ ಕಂಪನಿಗಳು ಸವೆದ ಪ್ರಮಾಣಕ್ಕೆ ತಕ್ಕಂತೆ ಲೆಕ್ಕ ಹಾಕುತ್ತವೆ. ಟ್ರೆಡ್‌ನ, ಅಂದರೆ ನಾವು ಗ್ರಿಪ್ ಎಂದು ಕರೆಯುವ ಭಾಗದ ಕಾಲುವೆಗಳ ಆಳವೇ ಇಲ್ಲಿ ಅಳತೆಗೋಲು. ಕಾಲುವೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳನ್ನು ನೋಡಿರುತ್ತೀರಿ, ಅವು 1.6 ಮಿಲಿಮೀಟರ್ ಎತ್ತರದ ಸವೆತದ ಗುರುತುಗಳು, ಗ್ರಿಪ್ ಆ ಮಟ್ಟಕ್ಕೆ ಇಳಿದರೆ ಐದು ವರ್ಷ ತುಂಬದಿದ್ದರೂ ವಾರಂಟಿ ಮುಗಿಯಿತು ಎಂದೇ ಅರ್ಥ. ಉದಾಹರಣೆಗೆ, ಹೊಸದರಲ್ಲಿ 8 ಮಿಲಿಮೀಟರ್ ಆಳವಿದ್ದ ಟೈರಿನಲ್ಲಿ ಬಳಕೆಗೆ ಸಿಗುವುದು 6.4 ಮಿಲಿಮೀಟರ್. ದೋಷ ಕಾಣಿಸಿಕೊಂಡ ದಿನ ಆಳ 4.8 ಉಳಿದಿದ್ದರೆ, ಅದರಲ್ಲಿ 1.6 ಕಳೆದು, ಬಳಕೆಗೆ ಉಳಿದದ್ದು 3.2, ಅಂದರೆ ಸರಿಯಾಗಿ ಅರ್ಧ. ಹೊಸ ಟೈರಿನ ಬೆಲೆ 6,000 ರೂಪಾಯಿ ಇದ್ದರೆ ನೀವು ಸುಮಾರು 3,000 ಕೊಡಬೇಕು. ದಿನಕ್ಕೆ ನೂರು ಕಿಲೋಮೀಟರ್ ಓಡಿಸುವವರಿಗೆ ಐದು ವರ್ಷದ ವಾರಂಟಿಗೂ ಆರು ವರ್ಷದ ವಾರಂಟಿಗೂ ವ್ಯತ್ಯಾಸವೇ ಇಲ್ಲ, ಅದಕ್ಕೆ ಬಹಳ ಮೊದಲೇ ಗ್ರಿಪ್ ಮುಗಿದಿರುತ್ತದೆ.

ಮೂರನೆಯ ಪ್ರಶ್ನೆಯನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ: ಈ ಐದು ವರ್ಷ ಯಾವ ದಿನದಿಂದ? ಕೆಲವು ಕಂಪನಿಗಳು ಬಿಲ್ಲಿನ ದಿನಾಂಕದಿಂದ ಎಣಿಸುತ್ತವೆ, ಕೆಲವು ತಯಾರಾದ ದಿನದಿಂದ. ತಯಾರಿಕೆಯ ಕಾಲವನ್ನು ಟೈರಿನ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ಡಿಒಟಿ ಎಂದು ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನು ಓದಬೇಕು. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರ, ಅಂದರೆ ಜೂನ್ ತಿಂಗಳ ಆರಂಭ. ಈ ನಾಲ್ಕು ಅಂಕಿ ಟೈರಿನ ಒಂದೇ ಮಗ್ಗುಲಲ್ಲಿ ಇರುವುದೂ ಉಂಟು, ಆದ್ದರಿಂದ ಡಿಸ್ಕಿಗೆ ಏರಿಸುವ ಮೊದಲೇ ನಾಲ್ಕೂ ಟೈರ್‌ಗಳನ್ನು ಎರಡೂ ಕಡೆ ತಿರುಗಿಸಿ ನೋಡಿ. ನಾಲ್ಕರಲ್ಲಿ ಮೂರು ಹೊಸದಾಗಿದ್ದು ಒಂದು ಮಾತ್ರ ಎರಡು ವರ್ಷ ಹಳೆಯದಾಗಿದ್ದ ಪ್ರಸಂಗವನ್ನು ನಾನೇ ಕಂಡಿದ್ದೇನೆ. ಕೇಳಿದ್ದಕ್ಕೆ ಅಂಗಡಿಯ ಹುಡುಗ ಮಾತಾಡದೆ ಗೋಡೌನಿಗೆ ಹೋಗಿ ಬೇರೆಯದನ್ನು ತಂದ. ಐಎಸ್‌ಐ ಗುರುತು ಇದೆಯೇ ಎಂಬುದನ್ನೂ ಅದೇ ಹೊತ್ತಿನಲ್ಲಿ ನೋಡಿಬಿಡಿ.

ಇನ್ನು ಬಿಲ್ಲಿನ ವಿಷಯ. "ಜಿಎಸ್‌ಟಿ ಬಿಲ್ ಬೇಡ ಅಂದ್ರೆ ಸ್ವಲ್ಪ ಕಡಿಮೆ ಮಾಡಿಕೊಡ್ತೀವಿ" ಎಂದು ಯಾರಾದರೂ ಹೇಳಿದರೆ, ಆ ಉಳಿತಾಯದ ಜೊತೆಗೆ ವಾರಂಟಿಯೂ ಹೋಯಿತು ಎಂದು ತಿಳಿಯಿರಿ. ಬಿಲ್ಲಿನಲ್ಲಿ ಟೈರಿನ ಅಳತೆ ಮತ್ತು ಮಾದರಿಯಷ್ಟೇ ಸಾಲದು, ನಾಲ್ಕೂ ಟೈರ್‌ಗಳ ಸೀರಿಯಲ್ ನಂಬರ್ ಮತ್ತು ನಿಮ್ಮ ವಾಹನದ ನೋಂದಣಿ ಸಂಖ್ಯೆ ಇರಬೇಕು. ಬರೆಯಲು ಅವರು ಬೇಸರಪಟ್ಟರೂ ಬಿಡಬೇಡಿ, ಜೊತೆಗೆ ಆ ನಂಬರುಗಳ ಫೋಟೊ ತೆಗೆದುಕೊಳ್ಳಿ. ಸರಕು ಮಾರಿ ಬಿಲ್ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೇ ಅನುಚಿತ ವ್ಯಾಪಾರ ಪದ್ಧತಿ ಎಂದು ಪಟ್ಟಿ ಮಾಡಿದೆ. ನಿಜವಾದ ದೋಷವಿದ್ದೂ ಕ್ಲೇಮ್ ನಿರಾಕರಿಸಿದರೆ, ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ನಂತರ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು, ಅಲ್ಲಿಗೂ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕವಿಲ್ಲ.

ಅಮೆರಿಕದಲ್ಲಿರುವ ನನ್ನ ತಂಗಿಯ ಗಂಡ "ನಮ್ಮಲ್ಲಿ 60,000 ಮೈಲಿ ವಾರಂಟಿ ಕೊಡುತ್ತಾರೆ" ಎಂದು ಆಗಾಗ ಹೇಳುವುದುಂಟು. ಅಲ್ಲಿನದು ಸವೆತಕ್ಕೇ ಕೊಡುವ ಬೇರೆ ಬಗೆಯ ವಾರಂಟಿ, ಅದಕ್ಕೂ ಕಾಲಕಾಲಕ್ಕೆ ಟೈರ್ ರೊಟೇಷನ್, ಅಂದರೆ ಟೈರ್‌ಗಳ ಜಾಗ ಅದಲುಬದಲು, ಮಾಡಿಸಿದ ದಾಖಲೆ ಬೇಕು. ನಮ್ಮ ಕಾರಿನ ಟೈರ್‌ಗಳಿಗೆ ಇಂತಿಷ್ಟು ಕಿಲೋಮೀಟರ್ ಎಂದು ಅಂಗಡಿಯವರು ಬಾಯಿಮಾತಿನಲ್ಲಿ ಹೇಳಿದರೆ, ಕಂಪನಿಯ ಕಾಗದದಲ್ಲಿ ಅದನ್ನು ತೋರಿಸುವಂತೆ ಕೇಳಿ.

ಈಗ ನಿಮ್ಮ 400 ರೂಪಾಯಿಯ ಪ್ರಶ್ನೆಗೆ ಬರುತ್ತೇನೆ. ಕೆಲವು ಕಂಪನಿಗಳು ಆಯ್ದ ಮಾದರಿಗಳಿಗೆ ಕೊಡುವ ಈ "ಅನ್‌ಕಂಡೀಷನಲ್" ವಾರಂಟಿ ಹೆಸರಿನಷ್ಟು ನಿಶ್ಶರ್ತವಲ್ಲ. ಕೊಂಡ ನಿಗದಿತ ದಿನಗಳೊಳಗೆ ಕಂಪನಿಯ ಜಾಲತಾಣದಲ್ಲಿ ನೋಂದಾಯಿಸಬೇಕು, ಇಂತಿಷ್ಟು ಸವೆತದೊಳಗೆ ಮಾತ್ರ ಅನ್ವಯ ಎಂಬಂಥ ಷರತ್ತುಗಳು ಅಲ್ಲೂ ಇರುತ್ತವೆ. ಆದರೆ ಸಾಮಾನ್ಯ ವಾರಂಟಿ ಮುಟ್ಟದ ಗುಂಡಿಯ ಏಟು ಮತ್ತು ಕೊಯ್ತಗಳನ್ನು ಅದು ಒಳಗೊಳ್ಳುವುದಾದರೆ, ನಮ್ಮ ರಸ್ತೆಗಳಲ್ಲಿ ನಿಜವಾಗಿ ಟೈರ್ ಹಾಳುಮಾಡುವುದು ಅವೇ ಆದ್ದರಿಂದ, ನಾಲ್ಕು ಟೈರಿಗೆ 1,600 ರೂಪಾಯಿ ಹೆಚ್ಚು ಕೊಡುವುದು ನನ್ನ ಲೆಕ್ಕದಲ್ಲಿ ದುಬಾರಿಯಲ್ಲ. ನೀವು ಮಲೆನಾಡಿನ ಕಡೆ ಓಡಾಡುವವರಾದರಂತೂ ನಾನು ಎರಡನೆಯ ಅಂಗಡಿಯನ್ನೇ ಆರಿಸುತ್ತಿದ್ದೆ. ಬಹುಪಾಲು ಊರೊಳಗೇ, ಒಳ್ಳೆಯ ರಸ್ತೆಯಲ್ಲಿ ಓಡಿಸುವವರಾದರೆ ಮೊದಲನೆಯದೇ ಸಾಕು. ಎರಡನೆಯದನ್ನು ಆರಿಸಿದರೆ, ಬಿಲ್ ಕೈಗೆ ಬಂದ ಕೂಡಲೇ ಅಂಗಡಿಯಲ್ಲೇ ನಿಂತು ಫೋನಿನಲ್ಲಿ ಆ ನೋಂದಣಿಯನ್ನು ಮುಗಿಸಿ, ದೃಢೀಕರಣದ ಸಂದೇಶ ಬಂದ ಮೇಲೆ ಹೊರಡಿ.