ಮನೋಭಾಷಾವಿಜ್ಞಾನ ಕಲಿಯಲು ಎಲ್ಲಿಂದ ಶುರು ಮಾಡಬೇಕು? ಲ್ಯಾಬ್ ಇಲ್ಲದೆ ಆಗುತ್ತದೆಯೇ?

ಬಿ.ಎ. ಮುಗಿಸಿ ಮುಳಬಾಗಿಲಿನಲ್ಲಿದ್ದೇನೆ, ಕಾಲೇಜಿನಲ್ಲಿ ಈ ವಿಷಯ ಇರಲಿಲ್ಲ, ಹತ್ತಿರ ಲ್ಯಾಬೂ ಇಲ್ಲ ಎಂದು ಬರೆದಿದ್ದೀರಿ. ಮನಸ್ಸು ಭಾಷೆಯನ್ನು ಹೇಗೆ ಕಲಿಯುತ್ತದೆ, ಹೇಗೆ ಗುರುತಿಸುತ್ತದೆ, ಹೇಗೆ ಬಳಸುತ್ತದೆ ಎಂದು ನೋಡುವ ಶಾಸ್ತ್ರ ಇದು. ಶುರು ಮಾಡಲು ಒಂದು ಲ್ಯಾಪ್‌ಟಾಪ್ ಸಾಕು. ಪುಸ್ತಕವೆಲ್ಲ ಓದಿ ಆಮೇಲೆ ಪ್ರಯೋಗ ಅಂದುಕೊಳ್ಳಬೇಡಿ. ಮೊದಲೇ ಒಂದು ಸಣ್ಣ ಪ್ರಯೋಗ ಕಟ್ಟಿ, ಅದು ಎಲ್ಲಿ ಕೆಡುತ್ತದೆ ನೋಡಿ. ಆಗ ಓದಿದ್ದು ತಲೆಗೆ ಹತ್ತುತ್ತದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವವರು ನಿಮ್ಮ ಸುತ್ತಲೇ ಇದ್ದಾರೆ. ಈ ಶಾಸ್ತ್ರಕ್ಕೆ ಅದು ದೊಡ್ಡ ಸಂಪತ್ತು.

ಪ್ರಶ್ನೆ ಇಷ್ಟೇ ಇರಲಿ: ಕನ್ನಡ ಓದುವಾಗ ಒಳಗಿನ ತೆಲುಗು ಸುಮ್ಮನಿರುತ್ತದೆಯೇ? ಎರಡೂ ಭಾಷೆಗೆ ಸೇರಿದ 20 ಪದ (ಊರು, ಕಾಲು), ಕನ್ನಡಕ್ಕೆ ಮಾತ್ರ ಸೇರಿದ 20 (ಮನೆ, ನಾಯಿ), ಅರ್ಥವಿಲ್ಲದ 40 ಹುಸಿಪದ ಸೇರಿಸಿ. ಸೈಕೋಪೈ ಎಂಬ ಉಚಿತ ತಂತ್ರಾಂಶದಲ್ಲಿ ಕಣ್ಣು ನೆಡಲು ಮೊದಲು 500 ಮಿಲಿಸೆಕೆಂಡ್ ಕೂಡುಚಿಹ್ನೆ (+), ನಂತರ ಪದ ತೋರಿಸಿ. ಕನ್ನಡ ಪದವಾದರೆ ಒಂದು ಕೀಲಿ, ಅಲ್ಲವಾದರೆ ಇನ್ನೊಂದು. ಅಭ್ಯಾಸಕ್ಕೆ ಬೇರೆ 10 ಪದ ಕೊಡಿ. ಪದಗಳ ಸರದಿ ಪ್ರತಿಯೊಬ್ಬರಿಗೂ ಬದಲಾಗಲಿ. ಒತ್ತಕ್ಷರ ಒಡೆದು ಕಂಡರೆ ಪದವನ್ನು ಚಿತ್ರವಾಗಿ ಉಳಿಸಿ ತೋರಿಸಿ. ಮೊಬೈಲಿನಲ್ಲಿ ಮಾಡಬೇಡಿ: ನೀವು ಹುಡುಕುವ ವ್ಯತ್ಯಾಸ ಹತ್ತಾರು ಮಿಲಿಸೆಕೆಂಡಿನದು ಮಾತ್ರ, ಟಚ್ ಪರದೆಯ ವಿಳಂಬದ ಏರಿಳಿತವೇ ಅದನ್ನು ನುಂಗಿಬಿಡಬಹುದು.

ಹೆಚ್ಚಿನವರು ಎಡವುವುದು ಪದಪಟ್ಟಿಯಲ್ಲಿ. ಎರಡೂ ಗುಂಪಿನ ಪದಗಳ ಅಕ್ಷರಸಂಖ್ಯೆ, ಒತ್ತಕ್ಷರ, ಬಳಕೆ ಸಮವಾಗಿರಬೇಕು. ಬಳಕೆ ತಿಳಿಯಲು ಪ್ರಯೋಗಕ್ಕೆ ಬಾರದ ಹತ್ತು ಜನರಿಂದ ಪ್ರತಿ ಪದಕ್ಕೂ 1ರಿಂದ 7ರವರೆಗೆ ಅಂಕ ಹಾಕಿಸಿ. ವಿಭಕ್ತಿ ಪ್ರತ್ಯಯ ಹತ್ತಿದ ರೂಪ ಬೇಡ. ಊರು ಇರಲಿ, ಊರಿಂದ ಬೇಡ. ಹುಸಿಪದ ಮಾಡಲು ನಿಜವಾದ ಪದದ ಒಂದು ಅಕ್ಷರ ಬದಲಿಸಿದರಾಯಿತು, ಆದರೆ ನಿಮ್ಮ ಕಡೆ ಇಲ್ಲೇ ಹಳ್ಳ ಇರುವುದು. ಮೆಟ್ಟು ಎಂಬುದನ್ನು ಚೆಟ್ಟು ಮಾಡಿದರೆ ಕನ್ನಡದಲ್ಲಿ ಅದು ಪದವಲ್ಲ, ತೆಲುಗಿನಲ್ಲಿ ಮರ. ತೆಲುಗು ಬಲ್ಲವರ ಬೆರಳು ಅಲ್ಲಿ ತಡವರಿಸಬಹುದು. ಪಟ್ಟಿಯನ್ನು ತೆಲುಗು ಮನೆಮಾತಿನವರೊಬ್ಬರಿಗೆ ಮೊದಲೇ ತೋರಿಸಿ, ಇಂಥವನ್ನು ತೆಗೆಸಿ. (ಇವನ್ನೇ ಬೇಕೆಂದು ಸೇರಿಸಿ ಮುಂದೆ ಬೇರೆ ಪ್ರಯೋಗ ಮಾಡಬಹುದು, ಅದು ಇನ್ನೂ ಸೊಗಸಾದ ಪ್ರಶ್ನೆ.)

ತೆಲುಗು ಬಾರದ ಇನ್ನೊಂದು ಗುಂಪು ಬೇಕೇ ಬೇಕು. ತಿಪಟೂರು, ಗುಬ್ಬಿ ಕಡೆ ಹುಡುಕಿ. ಕಲಿಕೆಗೆ ಗುಂಪಿಗೆ 20 ಜನ ಸಾಕು. ಎಲ್ಲರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ತಪ್ಪು ಉತ್ತರಗಳನ್ನೂ 200 ಮಿಲಿಸೆಕೆಂಡಿಗಿಂತ ಬೇಗ ಒತ್ತಿದವನ್ನೂ ಬದಿಗಿಟ್ಟು, ಕೀಲಿ ಒತ್ತಲು ಹಿಡಿದ ಸಮಯದ ಮಧ್ಯಾಂಕವನ್ನು (ಸಮಯಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಡುವೆ ಬರುವುದು) ಒಬ್ಬೊಬ್ಬರಿಗೂ, ಎರಡೂ ಬಗೆಯ ಪದಕ್ಕೆ ಬೇರೆಬೇರೆಯಾಗಿ ತೆಗೆಯಿರಿ. ಸರಾಸರಿ ಬೇಡ, ಒಂದೆರಡು ಬಾರಿ ಮೈಮರೆತರೂ ಅದು ಮೇಲಕ್ಕೆ ಎಳೆದುಬಿಡುತ್ತದೆ. ಎರಡೂ ಭಾಷೆಗೆ ಸೇರಿದ ಪದಗಳು ತೆಲುಗು ಬಲ್ಲವರಿಗೆ ಮಾತ್ರ ಬೇಗ ಹೊಳೆದರೆ ಒಳಗಿನ ತೆಲುಗು ಸುಮ್ಮನಿಲ್ಲ ಎಂದರ್ಥ. ಅವು ತಿಪಟೂರಿನವರಿಗೂ ಅಷ್ಟೇ ಬೇಗ ಹೊಳೆದರೆ ಅದು ತೆಲುಗಿನ ಪ್ರಭಾವವಲ್ಲ, ಪಟ್ಟಿಯ ದೋಷ.

ಜೊತೆಗೆ ಓದಲು 1971ರ ಮೇಯರ್ ಮತ್ತು ಶ್ವಾನೆವೆಲ್ಟ್ ಪ್ರಬಂಧ ಹಿಡಿಯಿರಿ, ಇದೇ ಬಗೆಯ ಪ್ರಯೋಗ. ಮಕ್ಕಳ ಭಾಷೆಗೆ 1958ರ ಜೀನ್ ಬರ್ಕೊ ಪ್ರಬಂಧ. ಮುಂದೆ ಇನ್ನಷ್ಟು ಕಲಿಯುವ ಯೋಚನೆಯಿದ್ದರೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ, ವಾಕ್ ಶ್ರವಣ ಸಂಸ್ಥೆ ಎರಡನ್ನೂ ವಿಚಾರಿಸಿ. ಎರಡನೆಯದು ಮಾತಿನ ತೊಂದರೆಗಳ ಚಿಕಿತ್ಸೆಯತ್ತ ಒಲವಿರುವವರಿಗೆ.