ಎರೆಹೊಲದ ದ್ರಾಕ್ಷಿ ಪಡದೊಳಗೆ ಅತಿಥಿ ಕೊಠಡಿ: ಅಗೆಯುವ ಮೊದಲು ಇದನ್ನು ಓದಿ

ದ್ರಾಕ್ಷಿ ತೋಟದಲ್ಲಿ ಅತಿಥಿ ಕೊಠಡಿ ಕಟ್ಟಲೆಂದು ನೀವು ಇಲ್ಲಿ ಹಾಕಿದ ನಕ್ಷೆ ನೋಡಿದೆ ಸರ್. ಪಡದ ನಟ್ಟನಡುವೆ ನಾಲ್ಕು ಕೊಠಡಿ, ಅಲ್ಲೇ ಅಗೆದ ಎರೆ (ಕಪ್ಪು ಜಿಗುಟು) ಮಣ್ಣಿನ ಇಟ್ಟಿಗೆ, ಬಾಗಿಲವರೆಗೂ ಬಳ್ಳಿ ಸಾಲು, ಸೂರ್ಯಾಸ್ತ ಕಾಣಲೆಂದು ಪಡುವಣಕ್ಕೆ ಗೋಡೆಯಗಲ ಗಾಜು. ಮೇಲೆ ‘ಪರಿಸರಸ್ನೇಹಿ’ ಎಂದು ಬೇರೆ ಬರೆದಿದ್ದೀರಿ. ಅದರ ಕೆಳಗೆ ಹದಿನೈದು ಜನ ಹೂಗುಚ್ಛದ ಚಿತ್ರ ಹಾಕಿದ್ದಾರೆ, ಒಬ್ಬರಾದರೂ ಬುನಾದಿ ಏನು ಎಂದು ಕೇಳಿಲ್ಲ. ವಿಜಯಪುರ ಜಿಲ್ಲೆಯ ತಿಕೋಟಾ ಭಾಗದಲ್ಲಿ ಇದೇ ನಕ್ಷೆಗೆ ನಾನು ದುಡ್ಡು ಸುರಿದವನು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನ್ನ ಮೊದಲ ಎರಡು ಕೊಠಡಿಗಳಿಗೆ ನಾಲ್ಕು ಅಡಿ ತೋಡಿ ಕಲ್ಲಿನ ಬುನಾದಿ ಹಾಕಿಸಿದೆ. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಮುಗಿಸಿ ಡ್ರಿಪ್ (ಹನಿ ನೀರಾವರಿ) ಬಿಟ್ಟೆವು. ಸಂಕ್ರಾಂತಿ ಹೊತ್ತಿಗೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು, ಬಾಗಿಲಿನ ಚಿಲಕ ಕೂರುತ್ತಿಲ್ಲ. ಮೇಸ್ತ್ರಿ ಮೂರು ಸಲ ಸಿಮೆಂಟು ತುಂಬಿದ, ಮೂರು ಸಲವೂ ಪಕ್ಕದಲ್ಲೇ ಬಿಟ್ಟಿತು. ಏಪ್ರಿಲ್‌ನಲ್ಲಿ ಆ ಬಿರುಕಿಗೆ ಐದು ರೂಪಾಯಿ ನಾಣ್ಯ ಸಲೀಸಾಗಿ ಹೋಗುತ್ತಿತ್ತು. ಮಗ ಆಟಕ್ಕೆಂದು ತೂರಿಸಿದ್ದನ್ನು ಸೆಪ್ಟೆಂಬರ್‌ನಲ್ಲಿ ಕೀಳಲು ಹೋದರೆ ಗೋಡೆ ಕಚ್ಚಿ ಹಿಡಿದಿತ್ತು. ಈಗಲೂ ಅಲ್ಲೇ ಇದೆ.

ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಇದು ನಿಮಗೂ ಗೊತ್ತು. ನಾವು ಮರೆಯುವುದು ಡ್ರಿಪ್ಪನ್ನು. ಬಳ್ಳಿಯ ಕಡೆ ದಿನವೂ ತೇವ, ದಾರಿಯ ಕಡೆ ಬಿರಿಯುವಷ್ಟು ಒಣ. ಒಂದೇ ಗೋಡೆಯನ್ನು ಒಂದು ತುದಿಯಲ್ಲಿ ಎತ್ತಿ ಇನ್ನೊಂದು ತುದಿಯಲ್ಲಿ ಇಳಿಸಿದರೆ ಅದು ಎಷ್ಟು ದಿನ ತಡೆದೀತು? ಇನ್ನೂ ದೊಡ್ಡ ಕಲ್ಲು ಹಾಕಿ ಎನ್ನುವವರ ಮಾತು ಕೇಳಬೇಡಿ. ಎರೆಗೆ ನಿಮ್ಮ ಕಲ್ಲಿನ ಭಾರ ಲೆಕ್ಕಕ್ಕೇ ಇಲ್ಲ.

ಆಮೇಲಿನ ಎರಡನ್ನು ಪಡದ ಮೂಡಣ ಅಂಚಿನ ಗರಸಿನ (ಗಟ್ಟಿ ಜಲ್ಲಿ ಮಣ್ಣಿನ) ದಿಬ್ಬದ ಮೇಲೆ ಕಟ್ಟಿದೆ. ಬಳ್ಳಿ ಏಳದ ಜಾಗ, ಮೇಕೆಯೂ ಮೂಸುತ್ತಿರಲಿಲ್ಲ. ಎರಡೂವರೆ ಅಡಿಗೆ ಗಟ್ಟಿ ತಳ ಸಿಕ್ಕಿತು. ಇವತ್ತಿನವರೆಗೆ ಕೂದಲೆಳೆಯಷ್ಟು ಬಿರುಕಿಲ್ಲ, ಒಂದು ಸಾಲು ದ್ರಾಕ್ಷಿಯನ್ನೂ ಕೀಳಲಿಲ್ಲ. ಎರೆಯಲ್ಲೇ ಕಟ್ಟುತ್ತೇನೆ ಎಂದು ಹಟ ಹಿಡಿದರೆ, ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ, ತಳದಲ್ಲಿ ಗಡ್ಡೆಯಂತೆ ಉಬ್ಬಿದ ಅಂಡರ್‌ರೀಮ್ಡ್ ಪೈಲ್ (ನೆಲದೊಳಗಿನ ಕಾಂಕ್ರೀಟ್ ಕಂಬ) ಹಾಕಿಸಿ. ಆಳವಾದ ಎರೆಯಲ್ಲಿ ಕನಿಷ್ಠ ಮೂರೂವರೆ ಮೀಟರ್ ಇಳಿಯಬೇಕು. ಆ ಕಂಬಗಳ ಮೇಲಿನ ಬೀಮು ನೆಲಕ್ಕೆ ತಾಗದಂತೆ ಕೆಳಗೆ ಮೂರು ಇಂಚು ಖಾಲಿ ಬಿಡಿಸಿ. ಮೇಸ್ತ್ರಿ ‘ಚೆಂದ ಕಾಣುವುದಿಲ್ಲ’ ಎಂದು ಅದನ್ನು ಮುಚ್ಚಿಬಿಡುತ್ತಾನೆ, ಪಕ್ಕದಲ್ಲೇ ನಿಂತಿರಿ. ಸುತ್ತ ಫರಸಿ ಹಾಸಿ, ಹತ್ತು ಅಡಿಯೊಳಗೆ ಡ್ರಿಪ್ ಪೈಪು ಬೇಡ. ಸ್ನಾನದ ನೀರನ್ನೂ ದೂರದ ಬಾಳೆ ಗಿಡಗಳಿಗೆ ಒಯ್ಯಿರಿ.

ಮೂಡಣ ಅಂಚು ಎಂದೆನಲ್ಲ, ಅದಕ್ಕೆ ಇನ್ನೊಂದು ಕಾರಣವಿದೆ. ಅಕ್ಟೋಬರ್ ಚಾಟ್ನಿಯ ನಂತರ ಒಂದು ಮಳೆ ಬಿದ್ದರೆ ಡೌನಿ ಎಂಬ ಬೂಜು ರೋಗ, ಮೋಡ ಕವಿದರೆ ಡೌನಿ. ಬೆಳಕು ಹರಿಯುವ ಮೊದಲೇ ಔಷಧ ಸಿಂಪಡಿಸುವ ಟ್ರ್ಯಾಕ್ಟರ್ ಬ್ಲೋವರ್ ಶುರು. ಆಗಲೇ ನಿಮ್ಮ ಅತಿಥಿ ಚಹಾ ಹಿಡಿದು ಹೊರಗೆ ಬರುತ್ತಾರೆ. ನನ್ನ ಮೊದಲ ಕೊಠಡಿಯ ಬಿಳಿ ಗೋಡೆ ಸೊಂಟದೆತ್ತರಕ್ಕೆ ಬೋರ್ಡೊದ (ಮೈಲುತುತ್ತ, ಸುಣ್ಣದ ಔಷಧ) ನೀಲಿ ಬಣ್ಣಕ್ಕೆ ತಿರುಗಿತ್ತು. ಬೋರ್ಡೊ ಗೋಡೆಗೆ ಹತ್ತಿದರೆ ಸುಣ್ಣ ಬಳಿಯಬಹುದು. ಉಳಿದ ಔಷಧಗಳನ್ನು ಜನರ ಮೇಲೆ ಹೊಡೆಯುವುದಕ್ಕೆ ಏನೆನ್ನುತ್ತೀರಿ? ಆ ತಿಂಗಳುಗಳಲ್ಲಿ ನಮ್ಮ ಕಡೆ ಮೂಡಗಾಳಿಯೇ ಹೆಚ್ಚು, ಹೀಗಾಗಿ ಮೂಡಣದಲ್ಲಿದ್ದರೆ ತುಂತುರು ನಿಮ್ಮಿಂದ ಆಚೆಗೆ ಹೋಗುತ್ತದೆ. ಹಾಗೆಂದು ಮೈಮರೆಯಬೇಡಿ, ಗಾಳಿ ತಿರುಗುವ ದಿನಗಳೂ ಇವೆ. ಸಿಂಪಡಣೆಯ ದಿನ ಬುಕಿಂಗ್ ತೆಗೆದುಕೊಳ್ಳಬೇಡಿ, ಚಾವಣಿಯ ಮಳೆನೀರಿನ ಪೈಪನ್ನೂ ಟ್ಯಾಂಕಿನಿಂದ ಬಿಚ್ಚಿಡಿ.

ಪಡುವಣದ ಗಾಜು ಬೇಡವೇ ಬೇಡ. ಇಳಿಬಿಸಿಲು ಅಡ್ಡಡ್ಡ ಬರುತ್ತದೆ, ಎಷ್ಟು ಉದ್ದ ಸಜ್ಜಾ ಬಿಟ್ಟರೂ ತಡೆಯುವುದಿಲ್ಲ. ಪಡುವಣಕ್ಕೆ ಹತ್ತು ಅಡಿ ಪಡಸಾಲೆ ಕೊಡಿ. ಸೂರ್ಯಾಸ್ತವನ್ನು ಅಲ್ಲಿ ಕೂತು ನೋಡಲಿ, ಮಂಚದ ಮೇಲಿಂದಲ್ಲ. ‘ದಪ್ಪ ಮಣ್ಣಿನ ಗೋಡೆ ಇದ್ದರೆ ಎಸಿ ಬೇಡ’ ಎನ್ನುವುದೂ ಅರ್ಧ ಮಾತು. ನಮ್ಮ ಹಳೆಯ ಮನೆಯ ಎರಡಡಿ ಗೋಡೆ ಮಧ್ಯಾಹ್ನ ತಂಪು, ನಿಜ. ಆದರೆ ಬೇಸಿಗೆಯಲ್ಲಿ ಅಜ್ಜ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತುತ್ತಿದ್ದ. ಹಗಲು ಕುಡಿದ ಬಿಸಿಯನ್ನು ಗೋಡೆ ಕಕ್ಕುವುದೇ ರಾತ್ರಿ, ನಮ್ಮ ಅತಿಥಿ ಮಲಗುವುದೂ ರಾತ್ರಿ. ಗೋಡೆಗೆ ಬಿಸಿಲೇ ಬೀಳಬಾರದು, ಮೇಲೆ ಬೆಳಕಿಂಡಿಯಿಂದ ಸೆಕೆ ಹೊರಹೋಗಬೇಕು. ಒಣದ್ರಾಕ್ಷಿ ಶೆಡ್ಡಿನ ಹಳೆಯ ಶೇಡ್‌ನೆಟ್ಟನ್ನು ಗೋಡೆಯಿಂದ ಎರಡು ಅಡಿ ಬಿಟ್ಟು ಕಟ್ಟಿದ್ದೇನೆ, ಖರ್ಚು ಹಗ್ಗದ್ದಷ್ಟೇ. ತಾರಸಿಗೆ ಫೆವಿಕಾಲ್ ಡಿಡಿಎಲ್ ಅಂಟು ಬೆರೆಸಿದ ಸುಣ್ಣ, ವರ್ಷಕ್ಕೊಮ್ಮೆ ಯುಗಾದಿಗೆ ಮೊದಲು. ಟಿವಿಯಲ್ಲಿ ನಟರು ಹೊಗಳುವ ತಂಪು ಬಣ್ಣವನ್ನೂ ಒಂದು ಕೊಠಡಿಗೆ ಬಳಿದು ನೋಡಿದೆ. ಬಿಲ್ಲಿನಲ್ಲಿ ಮಾತ್ರ ವ್ಯತ್ಯಾಸ ಕಂಡಿತು.

ಇಟ್ಟಿಗೆಗೆ ಎರೆ ಮಣ್ಣು ಮುಟ್ಟಬೇಡಿ, ಹಪ್ಪಳದಂತೆ ಸೊಟ್ಟಗಾಗುತ್ತದೆ. ಗರಸು ಮತ್ತು ಕೆಂಪು ಮಣ್ಣು ತರಿಸಿ, ಬಾಟಲಿಯಲ್ಲಿ ನೀರು ಹಾಕಿ ಕುಲುಕಿ ಒಂದು ದಿನ ಬಿಡಿ. ಮೇಲಿನ ನುಣುಪು ಪದರ ದಪ್ಪಗಿದ್ದರೆ ಮರಳು ಬೆರೆಸಿ. ಸಿಮೆಂಟು ನೂರಕ್ಕೆ ಏಳು. ಇಟ್ಟಿಗೆ ಒತ್ತುವ ಯಂತ್ರ ನನ್ನ ಮಟ್ಟಿಗೆ ಮರ್ದಿನಿಯೇ ಸರಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ್ದು, ಕೈಯಿಂದ ಒತ್ತುವಂಥದ್ದು, ಕೆಟ್ಟರೆ ನಮ್ಮೂರ ವೆಲ್ಡಿಂಗ್ ಅಂಗಡಿಯಲ್ಲೇ ರಿಪೇರಿ. ಕ್ಯೂರಿಂಗ್ (ತೇವದಲ್ಲಿಟ್ಟು ಗಟ್ಟಿಯಾಗಿಸುವುದು) 28 ದಿನ, ಗೋಣಿ ಹೊದಿಸಿ. ಹತ್ತು ದಿನಕ್ಕೇ ಎತ್ತಿದ ಇಟ್ಟಿಗೆಯ ಅಂಚು ನನಗೆ ಉಗುರಿನಲ್ಲಿ ಕೆರೆದರೆ ಉದುರುತ್ತಿತ್ತು.

ಬೋರಿನ ನೀರು ಸವುಳಾಗಿದ್ದರೆ ಸೋಲಾರ್ ಹೀಟರ್ ಗಾಜಿನ ಕೊಳವೆಯದನ್ನೇ ಕೊಳ್ಳಿ. ತಾಮ್ರದ ಸಣ್ಣ ಕೊಳವೆಯದು ನನ್ನಲ್ಲಿ ಎರಡೇ ವರ್ಷಕ್ಕೆ ಕಟ್ಟಿಕೊಂಡಿತು. ಒಣದ್ರಾಕ್ಷಿ ಡಬ್ಬಗಳನ್ನು ಕೊಠಡಿಗಳ ಹತ್ತಿರ ಇಡಬೇಡಿ, ಇಲಿ ಬಂದರೆ ಮಣ್ಣಿನ ಗೋಡೆ ಅವಕ್ಕೆ ಬೆಣ್ಣೆ.

ಇದೇ ವಾರ ಜೆಸಿಬಿ ಕರೆಸುತ್ತೇನೆ ಎಂದಿದ್ದೀರಿ. ಕರೆಸಿ, ಆದರೆ ಪಡದ ನಡುವೆ ಒಂದು, ದಿಬ್ಬದ ಮೇಲೆ ಒಂದು ತಗ್ಗು ಮಾತ್ರ ತೋಡಿಸಿ, ಪಕ್ಕದಲ್ಲಿ ಅಳತೆ ಪಟ್ಟಿ ಹಿಡಿದು ಫೋಟೊ ತೆಗೆದು ಇಲ್ಲಿ ಹಾಕಿ. ಗರಸು ಎಷ್ಟು ಅಡಿಗೆ ಸಿಕ್ಕಿತೆಂದು ನೋಡಿ ಉಳಿದದ್ದನ್ನು ಮಾತನಾಡೋಣ.