ಸೋಲೋ ಕೇಳಿಸಬೇಕಾದರೆ ಮೊದಲು ಯಾವ ಪೆಡಲ್?

ಗಣೇಶನ ಆರ್ಕೆಸ್ಟ್ರಾದಲ್ಲಿ ನಿಮ್ಮ ಸೋಲೋ ಕೀಬೋರ್ಡ್ ಮಧ್ಯೆ ಮುಳುಗುತ್ತದೆ, ಬೂಸ್ಟ್ ಪೆಡಲ್ ತಗೊಳ್ಳಲೋ, ಸದ್ದಿಗೆ ಒಡಕು ಸೇರಿಸುವ ಓವರ್‌ಡ್ರೈವೋ ಅಂತ ಕೇಳಿದ್ದೀರಿ. ಸಿಂಗಲ್ ಕಾಯಿಲ್ ಗಿಟಾರ್, ಟ್ರಾನ್ಸಿಸ್ಟರ್ ಆಂಪ್ ಅಂತಲೂ ಬರೆದಿದ್ದೀರಿ. ಹಾಸನದಲ್ಲಿ ನಾನು ನುಡಿಸುವುದೂ ಇಂಥದ್ದೇ ಆಂಪ್‌ನಲ್ಲಿ. ಮೊದಲು ಓವರ್‌ಡ್ರೈವ್ ತಗೊಳ್ಳಿ.

ಬೂಸ್ಟ್ ಸಿಗ್ನಲ್ ದೊಡ್ಡದು ಮಾಡುತ್ತದೆ, ಅಷ್ಟೇ. ವಾಲ್ವ್ ಆಂಪ್ ಆಗಿದ್ದರೆ ಆ ಒತ್ತಡಕ್ಕೆ ಸದ್ದು ಚೆನ್ನಾಗಿ ಒಡೆಯುತ್ತಿತ್ತು. ಟ್ರಾನ್ಸಿಸ್ಟರ್ ಆಂಪ್ ತಳ್ಳಿದರೆ ಸಾಮಾನ್ಯವಾಗಿ ಕರ್ಕಶವಾಗುತ್ತದೆ.

ನಿಮಗೆ ಹೊಂದುವುದು ಐಬಾನೆಜ್ ಟ್ಯೂಬ್ ಸ್ಕ್ರೀಮರ್ ಜಾತಿಯದು. ಅದು ಬೇಸ್ ಕಡಿಮೆ ಮಾಡಿ 700 ಹರ್ಟ್ಸ್ ಆಸುಪಾಸಿನ ಮಿಡ್, ಅಂದರೆ ಮಧ್ಯದ ಸದ್ದು, ಎತ್ತುತ್ತದೆ. ಸೋಲೋ ಗುಂಪಿನಿಂದ ಹೊರಗೆ ಬರುವುದು ಅಲ್ಲೇ. ಮನೆಯಲ್ಲಿ ಒಬ್ಬರೇ ನುಡಿಸಿದಾಗ ಮೂಗಿನಲ್ಲಿ ಹಾಡಿದಂತೆ ಅನಿಸಬಹುದು. ಅದಕ್ಕಾಗಿ ಸುಮ್ನೆ ವಾಪಸ್ ಕೊಡಬೇಡಿ, ಬ್ಯಾಂಡ್ ಜೊತೆ ಒಮ್ಮೆ ಕೇಳಿ. 1981ರಿಂದ ಬರುತ್ತಿರುವ ಬಾಸ್ ಎಸ್‌ಡಿ-1 ಕೂಡ ಇದೇ ದಾರಿಯದು, ಬೆಲೆ ಸಾಮಾನ್ಯವಾಗಿ ಕಡಿಮೆ. ಬಾಸ್‌ನದೇ ಇನ್ನೊಂದು ಪೆಡಲ್ ಬ್ಲೂಸ್ ಡ್ರೈವರ್, ಕಾರ್ಡ್ (chord) ನುಡಿಸಲು ನನಗೆ ತುಂಬಾ ಇಷ್ಟ, ಆದರೆ ನಿಮ್ಮ ತೊಂದರೆಗೆ ಅದಲ್ಲ.

ಪೆಡಲ್‌ನಲ್ಲಿ ಡ್ರೈವ್ (ಒಡಕು) ಕಡಿಮೆ ಇಡಿ, ಲೆವೆಲ್ (ಸದ್ದು) ಜಾಸ್ತಿ ಮಾಡಿ. ಎಷ್ಟೋ ಸಲ ಬೂಸ್ಟ್ ಬೇಕೇ ಆಗುವುದಿಲ್ಲ. ಮುಂದೆ ತಗೊಂಡರೂ ಓವರ್‌ಡ್ರೈವ್ ಆದ ಮೇಲೆ ಇಡಿ. ಮೊದಲು ಇಟ್ಟರೆ ಸದ್ದು ಅಷ್ಟಾಗಿ ಏರುವುದಿಲ್ಲ, ಒಡಕು ಹೆಚ್ಚುತ್ತದೆ.

ಅಡಾಪ್ಟರ್ 9 ವೋಲ್ಟ್‌ನದು, ಮಧ್ಯದ ಪಿನ್ ನೆಗೆಟಿವ್ ಇರಬೇಕು. ಕೀಬೋರ್ಡ್‌ನ ಅಡಾಪ್ಟರ್ ಚುಚ್ಚಿ ನಾನು ಒಂದು ಪೆಡಲ್ ಸುಟ್ಟುಕೊಂಡಿದ್ದೇನೆ. ನಿಮ್ಮ ಆಂಪ್ ಯಾವುದು ಅಂತ ಬರೆಯಿರಿ, ಟ್ರೆಬಲ್ ಎಲ್ಲಿಡಬೇಕು ಅಂತ ಹೇಳುತ್ತೇನೆ.